ಅಡಿಯೋ ಅಂಗುಲವೋ

ಲೆಕ್ಕದ ಉತ್ತರ ಸರಿಯಿದ್ದರೂ ಮುಂದೆ ಅಡಿ, ಅಂಗುಲ ಎಂದು ಬರೆಯದ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. "ಅಷ್ಟಕ್ಕೇ ಕಳೆಯಬೇಕಾ ಮಿಸ್?" ಎಂದು ಅವರು ಮುಖ ಊದಿಸಿಕೊಳ್ಳುತ್ತಿದ್ದರು. ಅವರಿಗೆಲ್ಲ ತೋರಿಸಬೇಕಾದ ಕಟ್ಟಡವೊಂದನ್ನು ನಾನು ಅಮೆರಿಕದಲ್ಲಿ ನೋಡಿ ಬಂದೆ.

ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು, "ಗಗನಚುಂಬಿ ತೋರಿಸ್ತೀನಿ ಬನ್ನಿ ಅತ್ತೆ" ಎಂದು ವಿಚಿಟಾ ಫಾಲ್ಸ್ ಎಂಬ ಊರಿಗೆ ಕರೆದೊಯ್ದರು. ಕತ್ತೆತ್ತಿ ಹುಡುಕಿದೆ. ಕಂಡದ್ದು ನಾಲ್ಕೇ ಅಂತಸ್ತಿನ, ಸಪೂರವಾದ ಇಟ್ಟಿಗೆಯ ಕಟ್ಟಡ. ನಮ್ಮ ಹಿತ್ತಲಿನ ತೆಂಗಿನಮರವೂ ಅಷ್ಟೇ ಎತ್ತರವಿದ್ದೀತು! ನ್ಯೂಬಿ-ಮ್ಯಾಕ್‌ಮಹಾನ್ ಕಟ್ಟಡ ಎಂದು ಅದರ ಹೆಸರು. 'ಜಗತ್ತಿನ ಅತಿ ಪುಟ್ಟ ಗಗನಚುಂಬಿ' ಎಂಬುದು ಬಿರುದು.

ಊರವರು ಹೇಳುವ ಕಥೆ ಹೀಗಿದೆ. 1918ರಲ್ಲಿ ಪಕ್ಕದ ಬರ್ಕ್‌ಬರ್ನೆಟ್‌ನಲ್ಲಿ ಭೂಮಿಯಿಂದ ತೈಲ ಚಿಮ್ಮಿತು. ಜನರ ಕೈಯಲ್ಲಿ ದುಡ್ಡು ಓಡಾಡಿತು. ಕಚೇರಿಗೆ ಜಾಗ ಸಾಲದೆ ಬೀದಿಯಲ್ಲೂ ಡೇರೆಯಲ್ಲೂ ವ್ಯಾಪಾರ ನಡೆಯಿತು. 1919ರಲ್ಲಿ ಜೆ.ಡಿ. ಮ್ಯಾಕ್‌ಮಹಾನ್ ಎಂಬಾತ ಗಗನಚುಂಬಿ ಕಟ್ಟುತ್ತೇನೆಂದು 2 ಲಕ್ಷ ಡಾಲರ್ ಕೂಡಿಸಿದ. ನಕ್ಷೆಯಲ್ಲಿ ಎತ್ತರ 480 ಎಂದಿತ್ತು. ಅಂಕಿಯ ಮೇಲೆ ಒಂದು ಗೀಟಿದ್ದರೆ ಅಡಿ, ಎರಡಿದ್ದರೆ ಅಂಗುಲ. ಅಲ್ಲಿದ್ದದ್ದು ಎರಡು ಗೀಟು! 480 ಅಂಗುಲವೆಂದರೆ ಬರೀ 40 ಅಡಿ. ಹಣ ಹಾಕಿದವರು ನ್ಯಾಯಾಲಯಕ್ಕೆ ಹೋದರೆ, ನೀವು ಒಪ್ಪಿದ ನಕ್ಷೆಯಂತೆಯೇ ಕಟ್ಟಿದ್ದಾನೆ ಎಂಬ ತೀರ್ಪು ಬಂತು. ಮೊದಲು ಅದಕ್ಕೆ ಮೆಟ್ಟಿಲೂ ಇರಲಿಲ್ಲವಂತೆ, ಏಣಿ ಹತ್ತಬೇಕಿತ್ತು. ಅಷ್ಟು ಹೊತ್ತಿಗೆ ಆತ ಊರು ಬಿಟ್ಟಾಗಿತ್ತು.

ಅಳಿಯಂದಿರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನಾವು ಮನೆ ಕಟ್ಟಿಸಿದಾಗ ಕರಾರಿನ ಕಾಗದಕ್ಕೆ, ಪೆನ್ಸಿಲ್ ಗುರುತು ಹಾಕಿದ ಕಡೆಗಳಲ್ಲೆಲ್ಲ ನಾನೂ ಸಹಿ ಮಾಡಿದ್ದೆ, ಓದದೆ. ಅಡುಗೆಮನೆ ಎರಡಡಿ ಕಿರಿದಾಗಿ ಎದ್ದು ನಿಂತಿತು. ರುಬ್ಬುವ ಕಲ್ಲಿಗೆ ಜಾಗವಿಲ್ಲ. ಕೇಳಿದರೆ, "ಕಾಗದದಲ್ಲಿ ಇದ್ದದ್ದೇ ಇಷ್ಟು ಮೇಡಂ, ನೀವೇ ಸಹಿ ಹಾಕಿದ್ದೀರಲ್ಲ" ಎಂದರು. ಅದು ನಿಜವೂ ಆಗಿತ್ತು. ಮಕ್ಕಳಿಗೆ ಅರ್ಧ ಅಂಕ ಕಳೆಯುವ ನಾನು! ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ವಿಚಿಟಾ ಫಾಲ್ಸ್‌ನವರೂ ಬಹುಕಾಲ ನಾಚಿಕೊಂಡಿದ್ದರಂತೆ. ಕೆಡವುವ ಮಾತೂ ಬಂದಿತ್ತು. ಕೊನೆಗೆ ದುರಸ್ತಿ ಮಾಡಿ, ಬಂದವರಿಗೆಲ್ಲ ತೋರಿಸಿ ತಾವೂ ನಗುತ್ತಾರೆ. ಅದನ್ನು ನೋಡಿದ ಮೇಲೆ ನನಗೂ ಧೈರ್ಯ ಬಂತು. ಈಗ ಮನೆಗೆ ಬಂದ ಹೆಣ್ಣುಮಕ್ಕಳನ್ನು ನನ್ನ ಕಿರಿದಾದ ಅಡುಗೆಮನೆಗೆ ಕರೆದು ಹೇಳುತ್ತೇನೆ: "ಯಾರೇ ಅವಸರ ಮಾಡಲಿ, ಓದಿ ಸಹಿ ಹಾಕ್ರಮ್ಮ."