ಶಾಲಾ ಮಕ್ಕಳಿಗೆ ಜಲಾನಯನ ವಿಜ್ಞಾನ: ಹೊಲದಲ್ಲಿ ಮಾಡಿಸಬಹುದಾದ ಪ್ರಯೋಗಗಳು

ಒಂದು ಹಳ್ಳಕ್ಕಾಗಲಿ ಕೆರೆಗಾಗಲಿ ಮಳೆನೀರನ್ನು ಹರಿಸಿ ತರುವ ಸಮಸ್ತ ಭೂಪ್ರದೇಶವೇ ಅದರ ಜಲಾನಯನ. ಇದರ ಎಲ್ಲೆಯನ್ನು ನಿರ್ಧರಿಸುವುದು ನೆಲದ ಏರಿಳಿತವೇ ಹೊರತು ಸರ್ವೆ ನಂಬರ್ ಅಲ್ಲ. ಮೇಲಿನ ಹೊಲದ ಬದು ಒಡೆದರೆ ಕೆಳಗಿನವರ ಪೈರು ಹಾಳಾಗುವುದು ಈ ಕಾರಣದಿಂದಲೇ. ಆದುದರಿಂದ ಶಿಕ್ಷಕರು ನಕ್ಷೆಯನ್ನು ಬಿಡಿಸುವ ಮೊದಲು, ಮಕ್ಕಳನ್ನು ಕೆರೆಯ ಅಂಗಳದಿಂದ ನೀರು ಬರುವ ದಾರಿಯನ್ನೇ ಹಿಡಿದು ದಿಣ್ಣೆಯವರೆಗೆ ನಡೆಸುವುದು ಲೇಸು. ಮಳೆ ಸುರಿಯುವಾಗ ಮತ್ತು ಹಳ್ಳ ತುಂಬಿರುವಾಗ ಈ ನಡಿಗೆ ಸಲ್ಲದು.

ಮಳೆಯ ಅಳತೆಗೆ ನೇರ ಗೋಡೆಯ, ಸಪಾಟು ತಳದ ಪಾತ್ರೆಯೊಂದು ಸಾಕು. ಮರ, ಗೋಡೆಗಳಿಂದ ದೂರವಿರಿಸಿ ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳೆಯಬೇಕು. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಈ ಲೆಕ್ಕದಲ್ಲಿ 25 ಮಿ.ಮೀ. ಮಳೆಯು 1 ಎಕರೆಗೆ ಸುಮಾರು 1 ಲಕ್ಷ ಲೀಟರ್ ನೀರನ್ನು ಕೊಡುತ್ತದೆ. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಬೆರಗು ಉಳಿಯದು.

ಎಲ್ಲಕ್ಕಿಂತ ಮುಖ್ಯವಾದುದು ಮಣ್ಣು ಕೊಚ್ಚಣೆಯ ಪ್ರಯೋಗ. 5 ಲೀಟರಿನ ಮೂರು ಪ್ಲಾಸ್ಟಿಕ್ ಕ್ಯಾನುಗಳನ್ನು ಅಡ್ಡ ಮಲಗಿಸಿ ಮೇಲ್ಭಾಗವನ್ನು ಕತ್ತರಿಸಿ, ಒಂದೇ ಹೊಲದ ಮಣ್ಣನ್ನು ಸಮನಾಗಿ ತುಂಬಬೇಕು. ಒಂದರಲ್ಲಿ ಬರಿಮಣ್ಣು, ಇನ್ನೊಂದರಲ್ಲಿ ಒಣಹುಲ್ಲಿನ ಹೊದಿಕೆ, ಮತ್ತೊಂದರಲ್ಲಿ ಮೂರು ವಾರ ಮೊದಲೇ ಬಿತ್ತಿ ಬೆಳೆಸಿದ ರಾಗಿ ಪೈರು ಇರಲಿ. ಮಣ್ಣಿನ ತೇವವೂ ಇಳಿಜಾರೂ ಮೂರಕ್ಕೂ ಒಂದೇ ಆಗಿರತಕ್ಕದ್ದು. ಮುಚ್ಚಳಕ್ಕೆ ಸಣ್ಣ ತೂತುಗಳಿರುವ ಡಬ್ಬಿಯಿಂದ ತಲಾ 1 ಲೀಟರ್ ನೀರನ್ನು ಸಮನಾದ ಅವಧಿಯಲ್ಲಿ ಸುರಿದು, ಬಾಯಿಯಿಂದ ಹೊರಬರುವ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿಯಬೇಕು. ಬರಿಮಣ್ಣಿನ ನೀರು ಬೇಗ ಬರುತ್ತದೆ, ರಾಡಿಯಾಗಿರುತ್ತದೆ. ತೂಗಿಟ್ಟ ಬಟ್ಟೆಯಲ್ಲಿ ಅದನ್ನು ಸೋಸಿ, ಒಣಗಿಸಿ, ಮರಳಿ ತೂಗಿದರೆ ಕಳೆದುಹೋದ ಮಣ್ಣಿನ ತೂಕ ದೊರೆಯುತ್ತದೆ. ಹೊಲದಲ್ಲಿ 1 ಮಿ.ಮೀ. ಮೇಲ್ಮಣ್ಣು ಹೋದರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅದು ಎಕರೆಗೆ ಸುಮಾರು 5 ಟನ್.

ನೀರು ಇಂಗುವ ವೇಗವನ್ನು ತಿಳಿಯಲು ಎರಡೂ ತುದಿ ತೆರೆದ ತಗಡಿನ ಡಬ್ಬಿಯನ್ನು ನೆಲಕ್ಕೆ 5 ಸೆಂ.ಮೀ. ಇಳಿಸಿ, ನೀರು ತುಂಬಿ, ಮಟ್ಟ ಇಳಿಯುವುದನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಹೊಂಗೆ ಮರದ ಬುಡ ಮತ್ತು ಟ್ರ್ಯಾಕ್ಟರ್ ಓಡಾಡಿದ ಜಾಡು, ಈ ಎರಡನ್ನು ಹೋಲಿಸಿದರೆ ಸಾಕು. ಒಣಗಿ ಬಿರಿದ ಎರೆಮಣ್ಣು ಮೊದಲು ಗಟಗಟನೆ ಕುಡಿದು, ಉಬ್ಬಿದ ಮೇಲೆ ನೀರನ್ನು ಬಿಡದು. ಅಲ್ಲಿ ಎರಡನೆಯ ಅಳತೆಯನ್ನೇ ನಂಬಬೇಕು.

ಹಿರಿಯ ತರಗತಿಯವರು ಎರಡು ಗಳುಗಳು, ಒಂದು ಅಡ್ಡಪಟ್ಟಿ, ಕಲ್ಲು ಕಟ್ಟಿದ ದಾರ ಇವುಗಳಿಂದ ಇಂಗ್ಲಿಷಿನ 'A' ಆಕಾರದ ಚೌಕಟ್ಟನ್ನು ಮಾಡಿ ಸಮಪಾತಳಿ ರೇಖೆಯನ್ನು ಗುರುತಿಸಬಹುದು. ಚೌಕಟ್ಟಿನ ಕಾಲುಗಳನ್ನು ಅದಲುಬದಲು ಮಾಡಿ ದಾರ ನಿಂತ ಎರಡು ಗುರುತುಗಳ ನಡುಬಿಂದುವನ್ನು ಮೊದಲೇ ಕಂಡುಕೊಳ್ಳತಕ್ಕದ್ದು. ಮಕ್ಕಳು ನೆಟ್ಟ ಗೂಟಗಳ ಸಾಲು ಹಳೆಯ ಬದುವಿನೊಡನೆ ಹೊಂದದಿದ್ದರೆ, ಹೊಲದ ಒಡೆಯರನ್ನೂ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯನ್ನೂ ಅಲ್ಲಿಗೆ ಕರೆಸಿ, ಮುಂದಿನ ಬಿತ್ತನೆಗೆ ಮುನ್ನ ಆ ಸಾಲನ್ನು ತೋರಿಸಬೇಕು.