ಕಡಲು, ನೆಲ ಮತ್ತು ಬೆಳ್ಳಿತೆರೆ

ಯುರೋಪಿನ ಚಲನಚಿತ್ರವೆಂದೊಡನೆ ಮಹಾನಗರಗಳ ಥಳುಕು ನಮ್ಮ ಕಣ್ಣ ಮುಂದೆ ಸುಳಿಯುವುದು ಸಹಜ. ಆದರೆ ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ತಯಾರಾದ ಅಲ್ಲಿನ ಚಿತ್ರಗಳಲ್ಲಿ ಕೆಲವು ಬೆಸ್ತನ, ರೈತನ ಬಾಳನ್ನೇ ಅರಸಿಕೊಂಡು ಹೋಗಿವೆ. 1948ರಲ್ಲಿ ಇಟಲಿಯ ವಿಸ್ಕೊಂಟಿಯವರು 'ಲಾ ತೆರ್ರಾ ತ್ರೇಮಾ' ಚಿತ್ರವನ್ನು ಸಿಸಿಲಿಯ ಬೆಸ್ತರಿಂದಲೇ, ಅವರ ಆಡುಮಾತಿನಲ್ಲಿಯೇ ಆಡಿಸಿದರು. ಆ ಪರಂಪರೆಗೆ ಸೇರಿದ ಎರಡು ಈಚಿನ ಚಿತ್ರಗಳು ನನ್ನ ಮನಸ್ಸನ್ನು ಪಡುವಣಕ್ಕೆ ಕಡಲು, ಬಡಗಣಕ್ಕೆ ಅಳಿವೆ ಇರುವ ಕುಂದಾಪುರದ ಕೋಡಿಗೆ ಕರೆತಂದವು.

2019ರ 'ಬೇಟ್' ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಕಥೆ. ಮಾರ್ಕ್ ಜೆಂಕಿನ್ ಅವರು ಕೀಲಿ ಕೊಟ್ಟು ಓಡಿಸುವ 16 ಮಿಲಿಮೀಟರಿನ ಕ್ಯಾಮೆರಾದಲ್ಲಿ ಅದನ್ನು ಕಪ್ಪು-ಬಿಳುಪಿನಲ್ಲಿ ತೆಗೆದು, ಫಿಲ್ಮನ್ನು ಸ್ವತಃ ಕೈಯಿಂದ ಸಂಸ್ಕರಿಸಿದರು. ಕಥಾನಾಯಕ ಮಾರ್ಟಿನ್ ದೋಣಿಯಿಲ್ಲದ ಬೆಸ್ತ. ತಂದೆಯ ದೋಣಿಯಲ್ಲಿ ಸೋದರನು ಪ್ರವಾಸಿಗರನ್ನು ತಿರುಗಿಸುತ್ತಾನೆ. ಹಿರಿಯರ ಮನೆ ಪಟ್ಟಣದ ಸಿರಿವಂತರ ಬೇಸಗೆಯ ಬಿಡಾರವಾಗಿದೆ. ಮಾರ್ಟಿನ್ ದಡದ ಮರಳಿನಲ್ಲಿಯೇ ಬಲೆ ಕಟ್ಟಿ, ದೋಣಿಗಾಗಿ ಕಾಸು ಕೂಡಿಡುತ್ತಾನೆ.

ಆ ಬಲೆಯನ್ನು ಕಂಡಾಗ ನನಗೆ ನೆನಪಾದುದು ನಮ್ಮ ರಂಪಣಿ. ಹತ್ತಾರು ಮಂದಿ ದಡದಲ್ಲಿ ನಿಂತು ಒಟ್ಟಾಗಿ ಎಳೆದು, ಬಂದುದನ್ನು ಪಾಲು ಹಂಚಿಕೊಳ್ಳುತ್ತಿದ್ದ ಬಲೆ ಅದು. 1970ರ ದಶಕದ ನಡುಭಾಗದಿಂದ ಪರ್ಸೀನ್ ದೋಣಿಗಳು ಹೆಚ್ಚಿದವು. ಬಂಗುಡೆ, ಬೂತಾಯಿಗಳ ಹಿಂಡು ದಡ ಸಮೀಪಿಸುವ ಮುನ್ನವೇ ಅವುಗಳ ಬಲೆಗೆ ಸಿಕ್ಕಿತು. ರಂಪಣಿ ಹಿಂದೆ ಸರಿಯಿತು. ಯಂತ್ರದಿಂದ ಏಳಿಗೆ ಹೊಂದಿದವರೂ ಉಂಟು. ಆದರೆ ಆ ಬಲೆಯೊಡನೆ ಕೂಡುಬಾಳಿನ ಒಂದು ಕ್ರಮವೂ ಸರಿಯಿತೆಂಬುದನ್ನು ಮರೆಯಲಾಗದು.

ಎರಡನೆಯದು, 2022ರಲ್ಲಿ ಬರ್ಲಿನ್ ಉತ್ಸವದ ಸ್ವರ್ಣ ಕರಡಿಯನ್ನು ಪಡೆದ 'ಅಲ್ಕರಾಸ್'. ಸ್ಪೇನಿನ ಕಾರ್ಲಾ ಸಿಮೋನ್ ಅವರು ಇದರಲ್ಲಿ ವೃತ್ತಿನಟರಲ್ಲದವರನ್ನೇ ಆಡಿಸಿದ್ದಾರೆ. ಒಂದು ಕುಟುಂಬ ತಲೆಮಾರುಗಳಿಂದ ಪೀಚ್ ತೋಟ ಬೆಳೆಸಿದೆ. ಅಂತರ್ಯುದ್ಧದ ಕಾಲದಲ್ಲಿ ಆಶ್ರಯವಿತ್ತ ಋಣಕ್ಕಾಗಿ ಧಣಿ ಆ ನೆಲವನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ, ಪತ್ರವಿಲ್ಲ. ಈಗ ವಾರಸುದಾರನಿಗೆ ಅಲ್ಲಿ ಸೌರವಿದ್ಯುತ್ತಿನ ಫಲಕಗಳನ್ನು ನಿಲ್ಲಿಸಬೇಕಾಗಿದೆ.

ಬಾಯಿಮಾತಿನ ನೆಲ ನಮಗೆ ಹೊಸತೇ? ಅವಿಭಜಿತ ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲುಗಳಲ್ಲಿ ಚೀಟಿಯಿಲ್ಲದೆ ಉತ್ತವರೆಷ್ಟೋ ಮಂದಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಅಂಥವರಿಗೆ ಭೂ ನ್ಯಾಯಮಂಡಳಿಯ ಬಾಗಿಲು ತೆರೆಯಿತು. ಮರುವರ್ಷ, ಕೋಟದ ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ 'ಚೋಮನ ದುಡಿ' ಚಿತ್ರ ಬಂದಿತು. ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನೂ ಪಡೆಯಿತು. ಚೋಮ ಗೇಣಿದಾರನಲ್ಲ; ಬೇಸಾಯಕ್ಕೆ ತುಂಡು ನೆಲ ಬೇಡಿ ಪಡೆಯದೆಹೋದವನು. ಗೇಣಿಯೇ ಇಲ್ಲದವನು ಗೇಣಿಯ ಹಕ್ಕನ್ನು ಕೇಳುವುದೆಂತು? ಕಾಯಿದೆ ತಲುಪದಿದ್ದ ಆ ಮನುಷ್ಯನ ಮುಖವನ್ನು ಚಿತ್ರ ನಮಗೆ ತೋರಿಸಿತು.

ಚರಿತ್ರೆಗೆ ಕಡತಗಳು ಬೇಕು, ಅಷ್ಟೇ ಸಾಲದು. ನ್ಯಾಯಮಂಡಳಿಯ ಆದೇಶದಲ್ಲಿ ಎಕರೆ, ಸೆಂಟ್ಸುಗಳಿರುತ್ತವೆ. ಕೈಯೊಡ್ಡಿ ಬರಿದೆ ಮರಳಿದವನ ನಡಿಗೆ ಇರುವುದಿಲ್ಲ. ಕ್ಯಾಮೆರಾ ಹಿಡಿದ ತರುಣರು ಇಂದು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ; ರಂಪಣಿ ಎಳೆದ ಹಿರಿಯರು ವರ್ಷ ವರ್ಷಕ್ಕೂ ವಿರಳರಾಗುತ್ತಿದ್ದಾರೆ. ಆ ಹಿರಿಯರ ಬಳಿ ಕುಳಿತು, ಅವರ ಮಾತನ್ನು ಅವರ ಕುಂದಗನ್ನಡದಲ್ಲಿಯೇ ಹಿಡಿದಿಡುವುದಕ್ಕೆ ಹೆಚ್ಚಿನ ಹಣ ಬೇಡ, ವ್ಯವಧಾನ ಬೇಕು.