ಸುಖ ಸೀಟಿನಲ್ಲೋ, ಚಕ್ರದಲ್ಲೋ?

1964ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಟೋಕಿಯೊ ಮತ್ತು ಶಿನ್-ಒಸಾಕಾ ನಡುವೆ 515 ಕಿ.ಮೀ. ಉದ್ದದ ಟೊಕೈಡೊ ಶಿಂಕಾನ್ಸೆನ್ ರೈಲುಮಾರ್ಗ ಆರಂಭವಾಯಿತು. ಗಾಡಿಯ ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಅದರಲ್ಲಿ ಎರಡು ದರ್ಜೆಗಳಿದ್ದವು. ಎರಡನೆಯ ದರ್ಜೆಯಲ್ಲಿ ಸಾಲಿಗೆ ಐದು ಸೀಟುಗಳಾದರೆ, ಮೊದಲ ದರ್ಜೆಯಲ್ಲಿ ನಾಲ್ಕೇ. 1969ರಲ್ಲಿ ಈ ಮೊದಲ ದರ್ಜೆಗೆ 'ಗ್ರೀನ್ ಕಾರ್' ಎಂಬ ಹೆಸರು ಬಂದಿತು. ಆದರೆ ಡಬ್ಬಿಯೇ ಅತ್ತಿತ್ತ ಹೊಯ್ದಾಡುತ್ತಿದ್ದರೆ ಸೀಟು ಎಷ್ಟು ಅಗಲವಿದ್ದರೇನು? ವೇಗದ ಗಾಡಿಯಲ್ಲಿ ಸುಖಪ್ರಯಾಣದ ಇತಿಹಾಸವನ್ನು ಸೀಟಿನ ಮೇಲಲ್ಲ, ನೆಲದ ಕೆಳಗೆ ಹುಡುಕಬೇಕು.

ರೈಲಿನ ಚಕ್ರ ಸಿಲಿಂಡರಿನಂತಿಲ್ಲ, ಶಂಕುವಿನ ತುಂಡಿನಂತಿದೆ. ಒಳಬದಿಯಲ್ಲಿ ವ್ಯಾಸ ತುಸು ಹೆಚ್ಚು. ಜೋಡಿಚಕ್ರ ಎಡಕ್ಕೆ ಸರಿದರೆ ಎಡಚಕ್ರ ದೊಡ್ಡ ವ್ಯಾಸದ ಮೇಲೂ ಬಲಚಕ್ರ ಸಣ್ಣ ವ್ಯಾಸದ ಮೇಲೂ ಉರುಳುತ್ತವೆ. ಆಗ ಅಚ್ಚು ಬಲಕ್ಕೆ ತಿರುಗುತ್ತದೆ. ಆದರೆ ನಡುವಿನಲ್ಲೇ ನಿಲ್ಲದೆ ಆಚೆಗೂ ಹೋಗುತ್ತದೆ. ಹೀಗೆ ಗಾಡಿ ಹಾವಿನಂತೆ ಹರಿಯುತ್ತದೆ. 1883ರಲ್ಲಿ ಜರ್ಮನಿಯ ಕ್ಲಿಂಗೆಲ್ ಈ ಚಲನೆಯ ತರಂಗದೂರಕ್ಕೆ ಸೂತ್ರ ಕೊಟ್ಟರು. ಚಕ್ರದ ತ್ರಿಜ್ಯವನ್ನು ಹಳಿಗಳ ಅರ್ಧ ಅಂತರದಿಂದ ಗುಣಿಸಿ, ಶಂಕುವಿನ ಇಳಿಜಾರಿನಿಂದ ಭಾಗಿಸಿ, ವರ್ಗಮೂಲ ತೆಗೆದು 2π ಯಿಂದ ಗುಣಿಸಬೇಕು.

ನಿಧಾನವಾಗಿ ಹೋಗುವಾಗ ಈ ತೊನೆದಾಟ ತಾನಾಗಿ ಅಡಗುತ್ತದೆ. ಒಂದು ಮಿತಿ ವೇಗವನ್ನು ದಾಟಿದರೆ ಬೆಳೆಯುತ್ತಲೇ ಹೋಗುತ್ತದೆ. 1955ರ ಮಾರ್ಚಿಯಲ್ಲಿ ಫ್ರಾನ್ಸಿನ ವಿದ್ಯುತ್ ಎಂಜಿನೊಂದು ಗಂಟೆಗೆ 331 ಕಿ.ಮೀ. ವೇಗ ಮುಟ್ಟಿ ದಾಖಲೆ ಮಾಡಿತು. ಆದರೆ ಆ ಪ್ರಯೋಗಗಳಲ್ಲಿ ಹಳಿಗಳೇ ಸೊಟ್ಟಗಾದವು. ವೇಗ ಸಿಕ್ಕಿತ್ತು, ಸ್ಥಿರತೆ ಸಿಕ್ಕಿರಲಿಲ್ಲ.

ಜಪಾನಿನಲ್ಲಿ ಈ ಒಗಟನ್ನು ಬಿಡಿಸಿದವರು ರೈಲಿನವರಲ್ಲ, ವಿಮಾನದವರು. ತಾದಾಶಿ ಮಾತ್ಸುದಾಯಿರಾ ಯುದ್ಧಕಾಲದಲ್ಲಿ ನೌಕಾಪಡೆಯ 'ಝೀರೋ' ವಿಮಾನದ ಕಂಪನಗಳನ್ನು ಅಧ್ಯಯನ ಮಾಡಿದ್ದರು. 1945ರ ಸೋಲಿನ ನಂತರ ವಿಮಾನ ಸಂಶೋಧನೆ ನಿಂತುಹೋಯಿತು. ಅವರಂತಹ ಹಲವರಿಗೆ ರೈಲ್ವೆ ಸಂಶೋಧನಾ ಸಂಸ್ಥೆ ಆಶ್ರಯ ನೀಡಿತು. ಗಾಡಿ ಹೊಯ್ದಾಡಲು ಹಳಿಯ ಏರುಪೇರೇ ಕಾರಣ ಎಂಬುದು ಅಲ್ಲಿನ ಹಿರಿಯ ಎಂಜಿನಿಯರರ ನಂಬಿಕೆ. ಮಾತ್ಸುದಾಯಿರಾ ಒಪ್ಪಲಿಲ್ಲ. ಗಾಳಿ ಸಮವಾಗಿದ್ದರೂ ವಿಮಾನದ ರೆಕ್ಕೆ ಪಟಪಟಿಸುವುದನ್ನು ಅವರು ಬಲ್ಲರು. ಇದೂ ಅಂತಹುದೇ ಸ್ವಪ್ರೇರಿತ ಕಂಪನ ಎಂದು ವಾದಿಸಿದರು. ನುಣುಪಾದ ಉರುಳೆಗಳ ಮೇಲೆ ಮಾದರಿ ಗಾಡಿಯನ್ನು ಓಡಿಸಿದರು. ಏರುಪೇರಿನ ಹಳಿಯೇ ಇಲ್ಲದಿದ್ದರೂ ತೊನೆದಾಟ ಕಾಣಿಸಿತು. ವಾದ ಇತ್ಯರ್ಥವಾಯಿತು.

ಕಾರಣ ತಿಳಿದ ಮೇಲೆ ಪರಿಹಾರ ದೂರವಿರಲಿಲ್ಲ. ಶಿಂಕಾನ್ಸೆನ್ ಚಕ್ರದ ತ್ರಿಜ್ಯ 0.455 ಮೀಟರ್, ಹಳಿಗಳ ಅರ್ಧ ಅಂತರ ಸುಮಾರು 0.75 ಮೀಟರ್. ಇಳಿಜಾರು 1/20 ಇದ್ದರೆ ತರಂಗದೂರ ಸುಮಾರು 16.4 ಮೀಟರ್, ಅವರು ಆಯ್ದ 1/40ಕ್ಕೆ 23.2 ಮೀಟರ್. ಗಂಟೆಗೆ 210 ಕಿ.ಮೀ. ಎಂದರೆ ಸೆಕೆಂಡಿಗೆ 58.3 ಮೀಟರ್. ಆದ್ದರಿಂದ ಆವೃತ್ತಿ 3.6 ಹರ್ಟ್ಸ್‌ನಿಂದ 2.5 ಹರ್ಟ್ಸ್‌ಗೆ ಇಳಿಯುತ್ತದೆ. ವೇಗೋತ್ಕರ್ಷ ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಕಂಪನವಿಸ್ತಾರ ಅಷ್ಟೇ ಇದ್ದರೆ ಅಡ್ಡನೂಕು ಅರ್ಧವಾಗುತ್ತದೆ. ಇದರ ಜೊತೆಗೆ ಅಚ್ಚುಗಳನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟು, ಗಾಳಿ ತುಂಬಿದ ಸ್ಪ್ರಿಂಗುಗಳು ಬಂದವು. ನಾವು ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ಎಂಜಿನಿಯರರ ಭಾಷೆಯಲ್ಲಿ ಡಬ್ಬಿಯ ಅಡಿಯಲ್ಲಿರುವ ಈ ಚಕ್ರಗಳ ಚೌಕಟ್ಟೇ ಬೋಗಿ. 1963ರ ಮಾರ್ಚಿಯಲ್ಲಿ ಪರೀಕ್ಷಾ ಗಾಡಿ ಗಂಟೆಗೆ 256 ಕಿ.ಮೀ. ವೇಗದಲ್ಲಿ ಓಡಿತು. ಸುರಂಗ ಹೊಕ್ಕಾಗ ಒತ್ತಡ ಬದಲಾಗಿ ಕಿವಿ ನೋಯುತ್ತದೆಂದು ಡಬ್ಬಿಗಳನ್ನು ಗಾಳಿ ನುಸುಳದಂತೆ ಭದ್ರಪಡಿಸಲಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎರಡೂ ದರ್ಜೆಗಳ ಅಡಿಯಲ್ಲಿದ್ದದ್ದು ಒಂದೇ ಬಗೆಯ ಬೋಗಿ. ಹೆಚ್ಚು ಹಣ ಕೊಟ್ಟವರಿಗೆ ಸಿಕ್ಕಿದ್ದು ಕೈಚಾಚಲು ಜಾಗ. ಕುಲುಕದ ಪ್ರಯಾಣವನ್ನು ದುಡ್ಡಿನ ಅಳತೆಯಲ್ಲಿ ಹಂಚಲು ಬರುವುದಿಲ್ಲ. ಕೊಟ್ಟರೆ ಇಡೀ ಗಾಡಿಗೇ ಕೊಡಬೇಕು. 2017ರಲ್ಲಿ ಶಂಕುಸ್ಥಾಪನೆಯಾದ ನಮ್ಮ ಮುಂಬಯಿ–ಅಹಮದಾಬಾದ್ ಮಾರ್ಗ ಆಯ್ದುಕೊಂಡದ್ದೂ ಈ ಪರಂಪರೆಯ ತಂತ್ರಜ್ಞಾನವನ್ನೇ.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಸಮಾಂತರವಾಗಿ ಇಳಿಜಾರಾಗಿಟ್ಟ ಎರಡು ಕೋಲುಗಳ ಮೇಲೆ ಉರುಳಿಸಿ. ಅವು ತೊನೆಯುತ್ತಾ ದಾರಿ ಹಿಡಿಯುತ್ತವೆ. ತಳಕ್ಕೆ ತಳ ಅಂಟಿಸಿ ಉರುಳಿಸಿದರೆ ಬೀಳುತ್ತವೆ. ಏಕೆ ಎಂಬುದನ್ನು ಮಕ್ಕಳೇ ಹೇಳಲಿ.